ಬೆಳೆಯೋ ಮಗುವಿಗೆ ಎರಡಿಂಚು ಹೆಚ್ಚು

ಹೊಲಿಗೆ ಅಂಗಡಿಯ ಬಾಗಿಲ ಮೇಲೆ ಅವನ ನಿಜವಾದ ಹೆಸರು ದೊಡ್ಡ ಅಕ್ಷರದಲ್ಲೇ ಇತ್ತು. ಅದನ್ನು ಓದುವ ತೊಂದರೆಯನ್ನು ಮಾತ್ರ ಬೀದಿಯಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಎರಡಿಂಚು. ಮಕ್ಕಳ ಬಟ್ಟೆ ಹೊಲಿಯಲು ಕೊಟ್ಟರೆ ಅಳತೆಗಿಂತ ಎರಡಿಂಚು ಹೆಚ್ಚಿಗೆ ಇಟ್ಟು ಹೊಲಿಯುವುದು ಅವನು ಬಿಡದೆ ಪಾಲಿಸಿಕೊಂಡು ಬಂದ ನಿಯಮ. ಕೇಳಿದರೆ “ಬೆಳೆಯೋ ಮಗು” ಎನ್ನುತ್ತಿದ್ದ. ಹೀಗಾಗಿ ಆ ಬೀದಿಯಲ್ಲಿ ತೋಳು ಮಡಚಿಕೊಳ್ಳದೆ, ಪ್ಯಾಂಟು ಎತ್ತಿ ಹಿಡಿಯದೆ ದೊಡ್ಡದಾದ ಮಗು ಒಂದೂ ಇರಲಿಲ್ಲ. ಬಟ್ಟೆ ಮೈಗೆ ಸರಿಹೋಗುವ ಹೊತ್ತಿಗೆ ಮೊಣಕಾಲಲ್ಲಿ ಹರಿದಿರುತ್ತಿತ್ತು. ಆದರೂ ಜನ ಅವನ ಹತ್ತಿರವೇ ಬರುತ್ತಿದ್ದರು. ಬಟ್ಟೆ ಹರಿದರೂ ಅವನ ಹೊಲಿಗೆ ಮಾತ್ರ ಬಿಡುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಪುಟ್ಟಿ. ಹತ್ತು ವರ್ಷದವಳು. ಪುಟ್ಟಿ ಶಾಲೆಗೆ ಹೋಗುತ್ತಿರಲಿಲ್ಲ. ಮೊದಲು ಹೋಗುತ್ತಿದ್ದಳು. ಒಂದು ವರ್ಷದ ಕೊನೆಯಲ್ಲಿ ಗಂಡ ಹೆಂಡತಿ ಹೋಗಿ ಟೀಚರನ್ನು ಕಂಡಾಗ ಅವರು ಮಗಳನ್ನು ಬಾಯ್ತುಂಬ ಹೊಗಳಿದರು. ಎಷ್ಟು ಇಂಪಾಗಿ ಹಾಡುತ್ತಾಳೆ, ಓಟದಲ್ಲಿ ಎಷ್ಟು ಮುಂದು, ಆ ಉದ್ದ ಜಡೆ ಎಷ್ಟು ಚೆಂದ ಎಂದು. ಪುಟ್ಟಿಗೆ ಹಾಡು ಬರುತ್ತಿರಲಿಲ್ಲ. ಓಡಿದರೆ ಏದುಸಿರು. ಕೂದಲು ಕತ್ತಿನವರೆಗೆ ಮಾತ್ರ. ವರ್ಷವಿಡೀ ಎದುರಿಗೇ ಕೂತಿದ್ದರೂ ಅವಳು ಟೀಚರ ಕಣ್ಣಿಗೆ ಬಿದ್ದಿರಲಿಲ್ಲ. ಎರಡಿಂಚಿನ ಹೆಂಡತಿ ಮದುವೆಗೆ ಮುಂಚೆ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವಳು. ತಪ್ಪು ಕಂಡರೆ ಸುಮ್ಮನೆ ದಾಟಿ ಹೋಗುವ ಜೀವವಲ್ಲ. ಆ ವಾರವೇ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಶುರುಮಾಡಿದಳು. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ, ತುಂಡುಬಟ್ಟೆಯ ರಾಶಿಯ ಮೇಲೆ ಪುಟ್ಟಿ ಕೂತು ಓದುತ್ತಿದ್ದಳು. ಕ್ರಮೇಣ ಅವಳಿಗೆ ಮಾತು ಬಂತು, ಪ್ರಶ್ನೆ ಬಂತು, ಊಟದ ಹೊತ್ತಿಗೆ ವಾದವೂ ಬಂತು.

ಮನೆಯಲ್ಲಿ ಕಲಿಯುವ ಮಕ್ಕಳನ್ನು ನೋಡಿ ಹೋಗಲು ಶಿಕ್ಷಣ ಕಚೇರಿಯಿಂದ ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬರುತ್ತಿದ್ದರು. ಬೀದಿಯವರು ಅವರನ್ನು ಇನ್ಸ್‌ಪೆಕ್ಟರಮ್ಮ ಎನ್ನುತ್ತಿದ್ದರು. ನಗುವುದು ಕಚೇರಿಯ ನಿಯಮಕ್ಕೆ ವಿರುದ್ಧ ಎಂದು ನಂಬಿದಂತಿದ್ದ ಹೆಂಗಸು. ಹೋದ ವರ್ಷ ಬಂದಾಗ ಎಲ್ಲವನ್ನೂ ನೋಡಿ, ಕೊನೆಗೆ ಮನೆಯ ಮೂಲೆ ಮೂಲೆಗೆ ಕಣ್ಣು ಹಾಯಿಸಿ, “ಕಂಪ್ಯೂಟರ್ ಎಲ್ಲಿದೆ?” ಎಂದು ಕೇಳಿದ್ದರು. ಇರಲಿಲ್ಲ. “ಮುಂದಿನ ಸಲ ಬರೋ ಹೊತ್ತಿಗೆ ಇರಬೇಕು, ಮಗು ಅದರಲ್ಲಿ ಕಲೀತಾ ಇರಬೇಕು. ಇಲ್ಲದಿದ್ದರೆ ಮಗು ಶಾಲೆಗೆ” ಎಂದು ಹೇಳಿ ಹೋದರು. ಪುಟ್ಟಿ ಮೇಜಿನ ಕೆಳಗೆ ಸೇರಿದವಳು ಸಂಜೆಯಾದರೂ ಹೊರಗೆ ಬರಲಿಲ್ಲ. ಎರಡಿಂಚು ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮಾರನೆ ದಿನವೇ ಕಂಪ್ಯೂಟರ್ ತರುತ್ತೇನೆಂದು ಶಪಥ ಮಾಡಿದ. ಶಪಥ ಮಾಡಿದವರು ನಾಳೆ ನಾಡಿದ್ದು ಎನ್ನುವಷ್ಟರಲ್ಲಿ ವರ್ಷ ಉರುಳಿ ಹೋಗುವುದು ಲೋಕದ ನಡಾವಳಿ. ಉರುಳಿತು. ಗುರುವಾರ ತಪಾಸಣೆ ಎಂದು ಕಚೇರಿಯಿಂದ ಫೋನು ಬಂದಾಗ ಅವನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು.

ಪಕ್ಕದ ಔಷಧಿ ಅಂಗಡಿಯವರು ಒಳ್ಳೆಯ ಮನುಷ್ಯ. ತಲೆನೋವಿನ ಮಾತ್ರೆ ಕೊಡುತ್ತಾ, ಕಂಪ್ಯೂಟರ್ ವಿಷಯ ಚೆನ್ನಾಗಿ ಬಲ್ಲ ತಮ್ಮ ತಂಗಿಯ ಮಗನನ್ನು ಜೊತೆಗೆ ಕಳಿಸುತ್ತೇನೆ ಎಂದರು. ಎರಡಿಂಚು ತಕ್ಷಣ ಒಪ್ಪಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ನಾಲ್ಕು ಜನ ನಿಂತಿರುವಾಗ ಗೊತ್ತಿಲ್ಲ ಎನ್ನುವ ಮಾತು ಎರಡಿಂಚಿನ ಗಂಟಲಿನಿಂದ ಈವರೆಗೆ ಹೊರಟಿರಲಿಲ್ಲ.

“ಈ ಬೀದಿಯವರ ಮೈಯಳತೆಯೆಲ್ಲ ನನ್ನ ನಾಲಿಗೆ ತುದೀಲಿದೆ. ಒಂದು ಪೆಟ್ಟಿಗೆ ಅಳತೆ ನನಗೆ ಗೊತ್ತಾಗಲ್ವಾ?” ಎಂದ.

ಔಷಧಿ ಅಂಗಡಿಯವರು ಇನ್ನೊಂದು ಪಟ್ಟಿ ಮಾತ್ರೆ ಕತ್ತರಿಸಿ ಕೊಟ್ಟರು.

ಮನೆಯಲ್ಲಿ ಹೆಂಡತಿ, ಹೋಗುವ ಮುಂಚೆ ಮಗಳನ್ನು ಒಂದು ಮಾತು ಕೇಳು ಎಂದಳು. ಅಳತೆ ಕೊಡುವ ಗಿರಾಕಿಯನ್ನು ಯಾರಾದರೂ ಬಟ್ಟೆ ಕತ್ತರಿಸೋಕೆ ಕರೆಯುತ್ತಾರಾ ಎಂದು ಅವನು ತಿರುಗಿ ಕೇಳಿದ. ಕೇಳಿ, ಮಗಳನ್ನು ಕರೆದು ನಿಲ್ಲಿಸಿ, ಕೊರಳಲ್ಲಿದ್ದ ಟೇಪು ತೆಗೆದ. ಕೈಬೆರಳು, ಅಂಗೈ, ಮೊಣಕೈವರೆಗಿನ ಉದ್ದ, ಕೂತಾಗಿನ ಎತ್ತರ, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಇರುವ ದೂರ. ಪುಟ್ಟಿ, “ಅಪ್ಪ, ನನಗೆ ಬೇಕಾಗಿರೋದು” ಎಂದು ಬಾಯಿ ತೆಗೆದಳು. ಅಲ್ಲಾಡಬೇಡ ಎಂದ. ಕತ್ತಿನ ಸುತ್ತಳತೆ ತೆಗೆಯುವಾಗ ಮತ್ತೆ ಬಾಯಿ ತೆಗೆದಳು. ಉಸಿರು ಬಿಗಿಹಿಡಿ ಎಂದ. ಕಂಪ್ಯೂಟರಿಗೂ ಕತ್ತಿಗೂ ಏನು ಸಂಬಂಧ ಎಂದು ಹೆಂಡತಿ ಕೇಳಲಿಲ್ಲ. ಕರಡಿನಲ್ಲಿ ಒಂದೇ ಪುಟಕ್ಕೆ ಹತ್ತು ತಪ್ಪಿದ್ದರೆ ತಿದ್ದಬಹುದು, ಪುಟವೇ ತಪ್ಪಾಗಿದ್ದರೆ ಏನು ಮಾಡಬೇಕೆಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಕಂಪ್ಯೂಟರ್ ಅಂಗಡಿಯ ಮಾರಾಟಗಾರ ಕೊರಳಿಗೆ ಟೈ ಕಟ್ಟಿಕೊಂಡು ನಗುತ್ತ ಬಂದ. ಮಗುವಿಗೆ ಎಷ್ಟು ವಯಸ್ಸು, ಏನೇನು ಕಲಿಯುತ್ತಿದೆ, ಎಲ್ಲಿ ಕೂತು ಕಲಿಯುತ್ತದೆ ಎಂದು ನಿಯಮದಂತೆ ಕೇಳಿದ. ಎರಡಿಂಚು ಯಾವುದಕ್ಕೂ ಉತ್ತರ ಕೊಡದೆ ಟೇಪು ಬಿಚ್ಚಿ ಪರದೆಗಳ ಅಗಲ ನೋಡತೊಡಗಿದ. ಮಾರಾಟಗಾರ ಪುಸ್ತಕದಂತೆ ಮಡಚುವ ಒಂದು ಪುಟ್ಟ ಕಂಪ್ಯೂಟರ್ ತೋರಿಸಿ, “ಈ ವಯಸ್ಸಿಗೆ ಇದು ಸಾಕು ಸರ್” ಎಂದ.

“ಈ ವಯಸ್ಸಿಗೆ ಸಾಕು. ವಯಸ್ಸು ಇಲ್ಲೇ ನಿಲ್ಲುತ್ತಾ?”

ಮಾರಾಟಗಾರ ಕೊರಳ ಟೈ ಸಡಿಲಿಸಿಕೊಂಡ. ಚಿಕ್ಕದು ಕೇಳಿ ಬಂದವರನ್ನು ದೊಡ್ಡದರ ಕಡೆಗೆ ಎಳೆದು ಎಳೆದು ಸವೆದುಹೋಗಿದ್ದ ಜೀವ ಅದು. ಗಿರಾಕಿಯೇ ತಾನಾಗಿ ಏಣಿ ಹತ್ತುವುದನ್ನು ಅವನು ಕಂಡಿರಲಿಲ್ಲ. ಒಂದೊಂದು ಮೆಟ್ಟಿಲಲ್ಲೂ ಎರಡಿಂಚು ನಿಂತು, ಇದಕ್ಕಿಂತ ಒಂಚೂರು ಬಿಗಿಯಿಲ್ಲದ್ದು ತೋರಿಸಿ ಎಂದ. ಕೊನೆಗೆ ಅಂಗಡಿಯ ಹಿಂಭಾಗದಲ್ಲಿ, ಅಲಂಕಾರಕ್ಕೆಂದೇ ಇಟ್ಟಿದ್ದ ಒಂದರ ಮುಂದೆ ಇಬ್ಬರೂ ನಿಂತರು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಬಾಗಿಲಿನಷ್ಟು ಅಗಲದ ಪರದೆ, ಒಳಗೆ ತಿರುಗುವ ಫ್ಯಾನುಗಳ ಸಾಲು. ಇದು ಸಿನಿಮಾ ಮಾಡುವವರಿಗೆ ಎಂದು ಮಾರಾಟಗಾರ ಆತ್ಮಸಾಕ್ಷಿಯ ಕೊನೆಯ ಚೂರನ್ನು ಖರ್ಚು ಮಾಡಿ ಹೇಳಿದ.

“ಅವಳು ಮುಂದೆ ಸಿನಿಮಾ ಮಾಡಲ್ಲ ಅಂತ ನೀವು ಬರೆದುಕೊಡ್ತೀರಾ?” ಎಂದು ಎರಡಿಂಚು ಕೇಳಿದ. ಮಾರಾಟಗಾರ ಬರೆದುಕೊಡಲಿಲ್ಲ. ದುಡ್ಡಿನ ಮಾತು ಬೇಡ. ಅದನ್ನು ಎತ್ತಿದರೆ ಈ ಕಥೆ ಹಾಸ್ಯವಾಗಿ ಉಳಿಯುವುದಿಲ್ಲ.

ಬುಧವಾರ ಬೆಳಿಗ್ಗೆ ಲಾರಿ ಬಂತು. ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಾಗಿಲನ್ನು ಕೀಲಿನಿಂದ ತೆಗೆದು ಒಳಕ್ಕೆ ತಂದರೆ ಇಡಲು ಜಾಗವಿಲ್ಲ. ಎರಡಿಂಚು ಸುತ್ತ ನೋಡಿ, ಕತ್ತರಿಸುವ ಮೇಜನ್ನು ಹೊರಗಿಡಿಸಿದ. ಆಮೇಲೆ ಒಂದು ಹೊಲಿಗೆ ಯಂತ್ರವನ್ನು, ಆಮೇಲೆ ಇನ್ನೊಂದನ್ನು. ಇಸ್ತ್ರಿ ಹಲಗೆ, ಕನ್ನಡಿ, ಬಟ್ಟೆ ತೊಡಿಸಿ ನಿಲ್ಲಿಸುವ ತಲೆಯಿಲ್ಲದ ಗೊಂಬೆ, ಎಲ್ಲವೂ ರಸ್ತೆ ಪಕ್ಕಕ್ಕೆ ಬಂದವು. ಪುಟ್ಟಿ ತನ್ನ ಪುಸ್ತಕಗಳನ್ನು ಎದೆಗವಚಿಕೊಂಡು, ಹೊರಗೆ ಬಿಸಿಲಲ್ಲಿ ನಿಂತ ಮೇಜನ್ನೇ ನೋಡುತ್ತ ನಿಂತಳು. ಕಂಪ್ಯೂಟರ್ ಅಂಗಡಿಯ ಆಳುಗಳು ಅದನ್ನು ಜೋಡಿಸಿ, ಒಮ್ಮೆ ಬೆಳಗಿಸಿ, ಆರಿಸಿ ಹೋದರು. ಅದು ಬೆಳಗಿದ ಆ ಒಂದು ಕ್ಷಣದಲ್ಲಿ ಹಿತ್ತಿಲ ಬೆಕ್ಕು ಗೋಡೆ ಹಾರಿ ಓಡಿಹೋಯಿತು.

ಈಗ ಎರಡಿಂಚಿಗೆ ಹೊಸ ಚಿಂತೆ ಹತ್ತಿತು. ಹೊಲಿಗೆ ಅಂಗಡಿ ಎಂದರೆ ಗಾಳಿಯಲ್ಲೆಲ್ಲ ನೂಲಿನ ಪುಡಿ. ನಾಳೆ ಇನ್ಸ್‌ಪೆಕ್ಟರಮ್ಮ ಬರುವವರೆಗೆ ಇದು ಹೊಸದಾಗಿಯೇ ಇರಬೇಕು. ಒಂದು ಯಂತ್ರವನ್ನು ರಸ್ತೆಯಿಂದ ಮತ್ತೆ ಒಳಗೆ ಎಳೆಸಿ, ಕಂಪ್ಯೂಟರಿಗೆ ಒಂದು ಹೊದಿಕೆ ಹೊಲಿದ. ಸಾಮಾನ್ಯ ಹೊದಿಕೆಯಲ್ಲ. ಮೂಲೆ ಮೂಲೆಗೆ ಅಂಚುಪಟ್ಟಿ, ಒಳಗೆ ಅಸ್ತರಿಯ ಪದರ, ನೆಲದವರೆಗೆ ಬರುವ ನೆರಿಗೆ. ಜೀವನದಲ್ಲಿ ಮೊದಲ ಬಾರಿ ಒಂದು ಮಗುವಿನ ಸಾಮಾನಿಗೆ ಎರಡಿಂಚು ಹೆಚ್ಚು ಇಡದೆ ಹೊಲಿದ, ಏಕೆಂದರೆ ಕಂಪ್ಯೂಟರ್ ಬೆಳೆಯುವುದಿಲ್ಲ. ಗುಂಡಿ ಸಾಲದೆ ಬಂದಾಗ ಹಿಂಭಾಗವನ್ನು ಕೈಹೊಲಿಗೆಯಲ್ಲಿ ಎರಡು ಸುತ್ತು ಮುಚ್ಚಿಬಿಟ್ಟ. ನಾಳೆ ಬೆಳಿಗ್ಗೆ ನಿಧಾನವಾಗಿ ಬಿಚ್ಚಿದರಾಯಿತು.

ಬೀದಿಗೆ ಇದೊಂದೂ ಗೊತ್ತಿರಲಿಲ್ಲ. ಬೀದಿಗೆ ಕಂಡದ್ದು ಇಷ್ಟೇ: ಹೊಲಿಗೆಯ ಸಾಮಾನೆಲ್ಲ ಹೊರಗೆ ಬಿದ್ದಿದೆ, ಬೀರುವಿನಂಥದ್ದೊಂದು ಒಳಗೆ ಹೋಗಿದೆ, ಅಂಗಡಿಗೆ ಬಾಗಿಲಿಲ್ಲ. ಎರಡಿಂಚು ಹೊಲಿಗೆ ಬಿಟ್ಟ ಎಂಬ ಸುದ್ದಿ ಮಧ್ಯಾಹ್ನದೊಳಗೆ ಮೂರು ಬೀದಿ ದಾಟಿತು. ನಾಲ್ಕನೆಯ ಬೀದಿಯಲ್ಲಿ ಅವನು ಊರನ್ನೇ ಬಿಟ್ಟಿದ್ದ.

ಮೊದಲು ಬಂದವರು ಬ್ಯಾಂಡ್ ಮಾಸ್ಟರು. ತಮ್ಮ ತಂಡದ ಸಮವಸ್ತ್ರದ ಬಟ್ಟೆಯೆಲ್ಲ ಇಲ್ಲಿದೆ, ಭಾನುವಾರ ಕಾರ್ಯಕ್ರಮ, ಬರಿಮೈಯಲ್ಲಿ ತುತ್ತೂರಿ ಊದಬೇಕಾ ಎಂದು ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಕೇಳಿದರು. ಅವರ ಹಿಂದೆ ಔಷಧಿ ಅಂಗಡಿಯವರು, ಅರ್ಧ ಹೊಲಿದ ಬಿಳಿ ಕೋಟಿನ ಒಂದು ತೋಳು ಹಿಡಿದುಕೊಂಡು. ಅವರ ಹಿಂದೆ ಇನ್ನೂ ಹತ್ತಾರು ಗಿರಾಕಿಗಳು. ಎರಡಿಂಚು ಒಬ್ಬರಿಗೆ ಉತ್ತರ ಹೇಳುವುದರೊಳಗೆ ಇನ್ನೊಬ್ಬರು ಬಟ್ಟೆಗಂಟಿಗೆ ಕೈಹಾಕುತ್ತಿದ್ದರು.

ಆಗ ಮಹಡಿಯಿಂದ ಅಕ್ಕ ಇಳಿದು ಬಂದಳು. ಅಕ್ಕ ಎರಡಿಂಚಿಗೆ ಒಡಹುಟ್ಟಿದವಳು, ಕಟ್ಟಡಕ್ಕೆ ಒಡತಿ. ತಮ್ಮನ ಬಾಡಿಗೆ ತೆಗೆದುಕೊಳ್ಳುವಾಗ ಅಕ್ಕನಂತೆ ನಿಟ್ಟುಸಿರು ಬಿಟ್ಟು ಒಡತಿಯಂತೆ ಎಣಿಸಿಕೊಳ್ಳುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ಈ ಮನೆಪಾಠ ಹಿಡಿಸಿರಲಿಲ್ಲ. ಹೊದಿಕೆ ಹೊದ್ದು ನಿಂತ ರಾಕ್ಷಸಾಕಾರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಏನೋ ಇದು? ಆಟದ ಮೆಷಿನ್ ಅಂಗಡಿ ಇಡ್ತಿದ್ದೀಯಾ? ಊರಿನ ಪೋಲಿ ಹುಡುಗರನ್ನೆಲ್ಲ ನನ್ನ ಮನೆಗೆ ತುಂಬಿಸ್ತೀಯಾ?”

“ಅಲ್ಲಕ್ಕ, ಇದು ಪುಟ್ಟಿಗೆ.”

“ಪುಟ್ಟಿಗಾ? ಪುಟ್ಟಿ ಇದರೊಳಗೇ ವಾಸ ಮಾಡಬಹುದಲ್ಲೋ.”

ಎರಡಿಂಚು ಇರುವ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿದ. ನಾಳೆ ತಪಾಸಣೆ, ಕಂಪ್ಯೂಟರ್ ಇಲ್ಲದಿದ್ದರೆ ಹುಡುಗಿ ಮತ್ತೆ ಆ ಶಾಲೆಗೆ ಹೋಗಬೇಕು, ಅಲ್ಲಿ ಅವಳ ಮುಖ ನೋಡುವವರೂ ಇಲ್ಲ, ತಾನು ಹೊಲಿಗೆ ಬಿಟ್ಟಿಲ್ಲ, ಸಾಯುವವರೆಗೂ ಬಿಡುವುದಿಲ್ಲ ಎಂದ. ಜನ ಮೆತ್ತಗಾದರು. ಬ್ಯಾಂಡ್ ಮಾಸ್ಟರು ಹಿಡಿದಿದ್ದ ಗಂಟನ್ನು ಕೆಳಗಿಟ್ಟರು. ಪುಟ್ಟಿಯನ್ನು ಎಲ್ಲರೂ ಬಲ್ಲವರೇ. ನಾಳೆ ಅಧಿಕಾರಿ ಬಂದಾಗ ನಾವೂ ನಾಲ್ಕು ಒಳ್ಳೆ ಮಾತಾಡುತ್ತೇವೆ, ನೀನು ಧೈರ್ಯವಾಗಿರು ಎಂದು ಔಷಧಿ ಅಂಗಡಿಯವರು ಬೆನ್ನು ತಟ್ಟಿದರು.

“ಯಾವ ಅಧಿಕಾರಿ?” ಎಂದು ಗುಂಪಿನ ಹಿಂದಿನಿಂದ ಒಂದು ದನಿ ಕೇಳಿತು.

ಇನ್ಸ್‌ಪೆಕ್ಟರಮ್ಮ ರಸ್ತೆಯಲ್ಲಿ, ತಲೆಯಿಲ್ಲದ ಗೊಂಬೆಯ ಪಕ್ಕದಲ್ಲಿ ನಿಂತಿದ್ದರು. ಹೇಳಿದ ದಿನವೇ ಬಂದರೆ ಅದು ತಪಾಸಣೆಯಲ್ಲ, ನೆಂಟಸ್ತನ ಎಂಬುದು ಅವರ ಸಿದ್ಧಾಂತ.

ಗುಂಪು ದಾರಿ ಬಿಟ್ಟಿತು. ಅವರು ಬಂದು ಕುರ್ಚಿ ಹುಡುಕಿದರು. ಕುರ್ಚಿ ರಸ್ತೆಯಲ್ಲಿತ್ತು. ನಿಂತೇ ಇದ್ದು, “ಕಂಪ್ಯೂಟರ್ ಎಲ್ಲಿದೆ?” ಎಂದರು. ಎರಡಿಂಚು ಹೊದಿಕೆಯತ್ತ ಕೈ ತೋರಿಸಿದ. ತೆಗೆಯಿರಿ ಎಂದರು. ಎರಡಿಂಚು ಹಿಂಭಾಗಕ್ಕೆ ಹೋಗಿ ಮಂಡಿಯೂರಿ ಸಣ್ಣ ಕತ್ತರಿ ಹಿಡಿದ. ಹೊಲಿಗೆ ಬಿಡಲಿಲ್ಲ. ದಾರ ಒಳ್ಳೆಯದು, ಅಸ್ತರಿ ಒಳ್ಳೆಯದು, ಎರಡು ಸುತ್ತಿನ ಗಂಟು ಇನ್ನೂ ಒಳ್ಳೆಯದು. ತನ್ನ ಕೈಚಳಕವನ್ನು ಎರಡಿಂಚು ಮನಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದ. ಇನ್ಸ್‌ಪೆಕ್ಟರಮ್ಮ ಗಡಿಯಾರ ನೋಡಿಕೊಂಡರು. ಅವನ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು.

ಕಂಪ್ಯೂಟರನ್ನು ಹೀಗೆ ಹೊಲಿದು ಇಟ್ಟರೆ ಮಗು ಕಲಿಯುವುದು ಹೇಗೆ ಎಂದು ಅವರು ಕೇಳಿದರು. ಎರಡಿಂಚು ಇನ್ನೊಂದು ಗಂಟಿಗೆ ಕತ್ತರಿ ಹಾಕಿದ. ಅವನ ಪಾಡು ನೋಡಿ ಬೀದಿಯವರಿಗೆ ತಡೆಯಲಾಗಲಿಲ್ಲ. ಕೊಟ್ಟ ಮಾತಿನಂತೆ ನಾಲ್ಕು ಒಳ್ಳೆ ಮಾತಾಡಲು ಔಷಧಿ ಅಂಗಡಿಯವರು ಮುಂದೆ ಬಂದರು.

“ಏನಮ್ಮ ಹೀಗಂತೀರಾ, ನನ್ನ ಅಂಗಡಿ ಲೆಕ್ಕವೆಲ್ಲ ಪುಟ್ಟಿಯೇ ಇದರಲ್ಲಿ ಮಾಡೋದು.”

ಇದು ಶುದ್ಧ ಸುಳ್ಳು. ಒಬ್ಬರು ಸುಳ್ಳು ಹೇಳಿ ಹೆಸರು ಗಳಿಸುವಾಗ ಸುಮ್ಮನಿರುವುದು ಬ್ಯಾಂಡ್ ಮಾಸ್ಟರಿಗೆ ಸರಿಕಾಣಲಿಲ್ಲ. ತಮ್ಮ ತಂಡದ ಕಾರ್ಯಕ್ರಮಗಳನ್ನೆಲ್ಲ ಗೊತ್ತುಮಾಡುವವಳೂ ಅವಳೇ ಎಂದರು. ಗಿರಾಕಿಗಳಲ್ಲಿ ಒಬ್ಬರಿಗೆ ಅವಳು ಅರ್ಜಿ ಟೈಪು ಮಾಡಿಕೊಡುತ್ತಿದ್ದಳು, ಇನ್ನೊಬ್ಬರಿಗೆ ಗೋದಾಮಿನ ದಾಸ್ತಾನು ನೋಡಿಕೊಳ್ಳುತ್ತಿದ್ದಳು. ಮನೆಪಾಠವನ್ನು ಕಂಡರಾಗದ ಅಕ್ಕನಿಗೂ ವಂಶದ ಅಭಿಮಾನ ಉಕ್ಕಿತು. ತನ್ನ ಬಾಡಿಗೆದಾರರ ಹಿಂದೆ ಬಿದ್ದು ಬಾಕಿ ವಸೂಲಿ ಮಾಡುವವಳು ಪುಟ್ಟಿಯೇ ಎಂದು ಕೈಯೆತ್ತಿ ಹೇಳಿದಳು. ಹಗಲು ರಾತ್ರಿ ಪಾಪ ಮಗುವಿಗೆ ಪುರುಸೊತ್ತೇ ಇಲ್ಲ ಎಂದು ಗುಂಪಿನಿಂದ ಯಾರೋ ಸೇರಿಸಿದರು.

ಇನ್ಸ್‌ಪೆಕ್ಟರಮ್ಮನ ಮುಖ ಗಟ್ಟಿಯಾಯಿತು. “ಅಂದರೆ ಶಾಲೆ ಬಿಡಿಸಿ ಮಗುವನ್ನ ಇಡೀ ಬೀದಿಯ ಕೆಲಸಕ್ಕೆ ಹಚ್ಚಿದ್ದೀರಿ.”

ಔಷಧಿ ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದು ಬ್ಯಾಂಡ್ ಮಾಸ್ಟರ ಕಾಲು ತುಳಿದರು. ಕಂಪ್ಯೂಟರಿನ ಹಿಂದಿನಿಂದ ಕತ್ತರಿ ಕೆಳಗೆ ಬಿದ್ದ ಸದ್ದು ಕೇಳಿಸಿತು. ಎರಡಿಂಚು ಎದ್ದು ಬಂದ. ಶಾಲೆಗೆ ಹೋಗುವುದಿರಲಿ, ಈಗ ಮಗಳೇ ಕೈಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ಭಯವಾಯಿತು. ಹೆಂಡತಿ ಮಗಳ ಭುಜದ ಮೇಲೆ ಕೈಯಿಟ್ಟಳು. ಪುಟ್ಟಿ ಆ ಕೈಯನ್ನು ಮೆಲ್ಲಗೆ ಸರಿಸಿ ಮುಂದೆ ಬಂದಳು.

“ಇವರು ಹೇಳಿದ್ದು ಒಂದೂ ನಿಜ ಅಲ್ಲ ಮೇಡಂ. ಕಂಪ್ಯೂಟರ್ ಇವತ್ತು ಬೆಳಿಗ್ಗೆ ಬಂತು. ನಾನು ಇನ್ನೂ ಮುಟ್ಟಿಲ್ಲ.”

ಅಕ್ಕ ಹಣೆ ಚಚ್ಚಿಕೊಂಡಳು. ಇನ್ಸ್‌ಪೆಕ್ಟರಮ್ಮ, ಮುಟ್ಟಿಲ್ಲವೆಂದರೆ ನೀನು ಕಲಿತದ್ದೇನು ಎಂದು ಕೇಳಿದರು.

“ಇದು ನನಗೆ ಬೇಡ ಅಂತ ಕಲಿತೆ. ಪೆಟ್ಟಿಗೆ ಮೇಲೆ ಬರೆದಿದ್ದನ್ನ ಓದಿದೆ. ಇದು ಸಿನಿಮಾ ಕತ್ತರಿಸಿ ಜೋಡಿಸೋರಿಗೆ. ನನಗೆ ಮಾರ್ಕೆಟ್ ಹಿಂದಿನ ಹೊಂಡದ ಬಸವನಹುಳುಗಳ ವಿಷಯ ಬರೀಬೇಕು. ಅಲ್ಲಿಗೆ ಎತ್ತಿಕೊಂಡು ಹೋಗೋ ಹಾಗಿರಬೇಕು. ಕರೆಂಟ್ ಇಲ್ಲದೆ ಮಧ್ಯಾಹ್ನ ಪೂರ್ತಿ ನಡೀಬೇಕು. ಬಿಸಿಲಲ್ಲಿ ಅಕ್ಷರ ಕಾಣಬೇಕು. ಕೆಟ್ಟರೆ ಇದೇ ಊರಲ್ಲಿ ರಿಪೇರಿ ಆಗಬೇಕು. ಇಷ್ಟಕ್ಕೆ ಚಿಕ್ಕದು ಸಾಕು. ಲೈಬ್ರರಿಯಲ್ಲಿ ಅಂಥದ್ದೇ ಒಂದಿದೆ, ಅದರಲ್ಲಿ ಮಾಡಿ ನೋಡಿದೀನಿ.”

“ಇದನ್ನ ನಿಮ್ಮ ಅಪ್ಪನಿಗೆ ಹೇಳಲಿಲ್ವಾ?”

“ಹೇಳೋಕೆ ಹೋದೆ. ಅಪ್ಪ ಅಳತೆ ತೆಗೀತಿದ್ರು. ಅಲ್ಲಾಡಬೇಡ ಅಂದ್ರು.”

ಇನ್ಸ್‌ಪೆಕ್ಟರಮ್ಮ ಎರಡಿಂಚಿನ ಕಡೆ ತಿರುಗಿದರು. ನಿಜವೇ ಎಂದು ಕೇಳಿದರು. ಕೋಣೆಯಲ್ಲಿ ನಾಲ್ಕಲ್ಲ, ನಲವತ್ತು ಜನ ಇದ್ದರು. ಎರಡಿಂಚು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ನಿಜ ಮೇಡಂ. ನನಗೆ ಇದರಲ್ಲಿ ಏನೂ ಗೊತ್ತಿಲ್ಲ. ದೊಡ್ಡದು ತಂದರೆ ಅವಳನ್ನ ನನ್ನ ಹತ್ತಿರವೇ ಬಿಡ್ತೀರಿ ಅಂದುಕೊಂಡೆ” ಎಂದ. ಹೇಳಿ ಮುಗಿಸಿದ ಮೇಲೆ ಅವನಿಗೆ ಅಳು ಬಂತು, ಅದನ್ನು ಮರೆಮಾಚಲು ಹೊದಿಕೆಯ ಅಂಚಿನಿಂದಲೇ ಮೂಗು ಒರೆಸಿಕೊಂಡ.

ಇನ್ಸ್‌ಪೆಕ್ಟರಮ್ಮ ಪೆನ್ನು ತೆಗೆದರು. ಬರೆಯುವಷ್ಟು ಹೊತ್ತೂ ಬೀದಿ ಪೆನ್ನಿನ ತುದಿಯನ್ನೇ ನೋಡಿತು. ಆಮೇಲೆ ಬರೆದದ್ದನ್ನು ಕಚೇರಿಯ ದನಿಯಲ್ಲಿ ಓದಿದರು: ಮಗುವಿಗೆ ತನ್ನ ಅಗತ್ಯವನ್ನು ತಾನೇ ತಿಳಿದು ಆಯ್ಕೆ ಮಾಡಲು ಬರುತ್ತದೆ, ಆದ್ದರಿಂದ ಮನೆಯಲ್ಲೇ ಮುಂದುವರಿಯಬಹುದು. ಬೀದಿ ದೊಡ್ಡದಾಗಿ ಉಸಿರು ಬಿಟ್ಟಿತು. ಬ್ಯಾಂಡ್ ಮಾಸ್ಟರು ಯಾವುದೋ ರಾಗ ಎತ್ತಲು ಹೋದರು. ಇನ್ಸ್‌ಪೆಕ್ಟರಮ್ಮ ಕೈಯೆತ್ತಿ ತಡೆದರು. ಇನ್ನೂ ಒಂದು ಸಾಲಿತ್ತು. ತಂದೆಯ ಕಲಿಕೆ ತೃಪ್ತಿಕರವಾಗಿಲ್ಲ, ಮಗು ಅವರಿಗೆ ದಿನವೂ ಪಾಠ ಹೇಳತಕ್ಕದ್ದು, ಮುಂದಿನ ವರ್ಷ ಪರೀಕ್ಷೆ ಅವರಿಗೆ.

“ಫೇಲಾದರೆ?” ಎಂದು ಎರಡಿಂಚು ಸಣ್ಣ ದನಿಯಲ್ಲಿ ಕೇಳಿದ.

“ಫೇಲಾದರೆ ನೀವು ಶಾಲೆಗೆ” ಎಂದು ಹೇಳಿ ಅವರು ಹೊರಟುಹೋದರು. ಅವರು ನಕ್ಕರು ಎಂದು ಔಷಧಿ ಅಂಗಡಿಯವರು ಇವತ್ತಿಗೂ ವಾದಿಸುತ್ತಾರೆ. ನಂಬಿದವರಿಲ್ಲ.

ಬೆರಳಿನ ಗುರುತೂ ಬೀಳದ ಕಂಪ್ಯೂಟರನ್ನು ಮಾರಿದ ಅಂಗಡಿಯವರು ಮುಖ ಗಂಟಿಕ್ಕಿಕೊಂಡು ವಾಪಸು ತೆಗೆದುಕೊಂಡರು. ಬದಲಿಗೆ ಪುಟ್ಟಿ ಕೇಳಿ ಕೇಳಿ, ತಡವಿ ನೋಡಿ, ಮೂರರಲ್ಲಿ ಒಂದನ್ನು ಆರಿಸಿದಳು. ಎರಡಿಂಚು ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದ. ಸೋಮವಾರ ಬೆಳಿಗ್ಗೆ, ಸಮವಸ್ತ್ರಗಳ ಕೆಲಸವೆಲ್ಲ ಮುಗಿದ ಮೇಲೆ, ಅವನ ಮೊದಲ ಪಾಠ. ಅಪ್ಪ ಮಗಳು ಪಕ್ಕಪಕ್ಕ ಕೂತರು. ಕಡತ ಎಂದರೇನು, ಅದನ್ನು ತೆರೆಯುವುದು ಹೇಗೆ, ಬರೆದದ್ದು ಅಳಿಸಿಹೋಗದಂತೆ ಉಳಿಸುವುದು ಹೇಗೆ ಎಂದು ಪುಟ್ಟಿ ಬೆರಳಿಟ್ಟು ತೋರಿಸಿದಳು. ಒಂದೊಂದಕ್ಕೂ ಅವನು ಗಂಭೀರವಾಗಿ ತಲೆಯಾಡಿಸಿದ.

“ಅರ್ಥ ಆಯ್ತಾ ಅಪ್ಪ?”

ಒಂದಕ್ಷರವೂ ಆಗಿರಲಿಲ್ಲ. “ಓ, ಚೆನ್ನಾಗಿ ಆಯ್ತು” ಎಂದ.

ಪುಟ್ಟಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತೆರೆದದ್ದನ್ನೆಲ್ಲ ಮುಚ್ಚಿ, ಅವನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಮತ್ತೆ ಮೊದಲಿನಿಂದ ಶುರುಮಾಡಿದಳು.